ಪಂಚಾಂಗ ಕಾಪಾಡಿದ ಊರು

ಜಪಾನ್ ದೇಶದ ಕ್ಯೂಶು ದ್ವೀಪದಲ್ಲಿ ನಾಗಾಸಾಕಿ ಎಂಬ ರೇವುಪಟ್ಟಣವುಂಟು. ಅದರ ಉತ್ತರ ಭಾಗದಲ್ಲಿ, ಎರಡು ಗುಡ್ಡಸಾಲುಗಳ ನಡುವೆ, ಉರಕಾಮಿ ಎಂಬ ಕಣಿವೆ. 1945ನೆಯ ಇಸವಿ ಆಗಸ್ಟ್ 9ರಂದು ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಎರಡನೆಯ ಅಣುಬಾಂಬು ಸಿಡಿದದ್ದು ಈ ಕಣಿವೆಯ ನೆತ್ತಿಯ ಮೇಲೆ. ಇದು ಲೋಕವೆಲ್ಲ ಬಲ್ಲ ಸಂಗತಿ. ಆ ಕಣಿವೆಯಲ್ಲಿ ವಾಸವಾಗಿದ್ದವರು ಯಾರೆಂಬುದನ್ನು ಬಲ್ಲವರು ಅಷ್ಟು ಮಂದಿಯಿಲ್ಲ. ಜಪಾನಿನಲ್ಲಿ ಕ್ರೈಸ್ತಧರ್ಮವನ್ನು ಇನ್ನೂರೈವತ್ತು ವರ್ಷಗಳ ಕಾಲ ಗುಟ್ಟಾಗಿ ಕಾಪಾಡಿಕೊಂಡು ಬಂದ ಮನೆತನಗಳ ಊರು ಅದು. ಬಾಂಬು ಬಿದ್ದ ದಿನ ಅಲ್ಲಿದ್ದ ಕ್ಯಾಥೊಲಿಕರು ಸುಮಾರು 12,000 ಮಂದಿ. ಸತ್ತವರು ಸುಮಾರು 8,500.

ಯಾವ ದೇವರಿಗಾಗಿ ಅಜ್ಜ ಮುತ್ತಜ್ಜಂದಿರು ಸೆರೆಮನೆ ಸೇರಿದ್ದರೋ ಆ ದೇವರ ಆಲಯದ ಸುತ್ತಲೇ ಊರು ಬೂದಿಯಾದ ಮೇಲೆ ಉಳಿದವರ ನಂಬಿಕೆ ಹೇಗೆ ಉಳಿಯಿತು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಕೊಂಚ ಹಿಂದಕ್ಕೆ ಹೋಗಬೇಕಾಗುತ್ತದೆ.

ಇಂದು ಗೋವೆಯಲ್ಲಿ ಯಾರ ಪಾರ್ಥಿವ ಶರೀರವನ್ನು ಲಕ್ಷಾಂತರ ಮಂದಿ ದರ್ಶಿಸುತ್ತಾರೋ ಆ ಸಂತ ಫ್ರಾನ್ಸಿಸ್ ಝೇವಿಯರ್ ಅದೇ ಗೋವೆಯಿಂದ ಹೊರಟು 1549ರ ಆಗಸ್ಟ್ 15ರಂದು ಜಪಾನಿನ ನೆಲವನ್ನು ಮುಟ್ಟಿದರು. ಅವರು ಬಿತ್ತಿದ ಬೀಜ ಬಲು ಬೇಗ ಫಲಿಸಿತು. ಅಷ್ಟೇ ಬೇಗ ಆಳುವವರ ಸಂಶಯವೂ ಬೆಳೆಯಿತು. 1597ರ ಫೆಬ್ರವರಿ 5ರಂದು ನಾಗಾಸಾಕಿಯ ನಿಶಿಜಾಕಾ ದಿಬ್ಬದ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. 1614ರಲ್ಲಿ ಕ್ರೈಸ್ತಧರ್ಮಕ್ಕೆ ದೇಶಾದ್ಯಂತ ನಿಷೇಧ ಬಿದ್ದಿತು. ಪಾದ್ರಿಗಳನ್ನು ಗಡೀಪಾರು ಮಾಡಿದರು. ಮರೆಯಲ್ಲಿದ್ದವರನ್ನು ಹುಡುಕಿ ಕೊಂದರು. 1640ರ ದಶಕ ಕಳೆಯುವ ಹೊತ್ತಿಗೆ ಪಂಥವನ್ನು ನಡೆಸಲು ಒಬ್ಬ ಪಾದ್ರಿಯೂ ಉಳಿದಿರಲಿಲ್ಲ. ಪ್ರತಿಯೊಂದು ಮನೆಯೂ ಯಾವುದಾದರೊಂದು ಬೌದ್ಧ ದೇವಾಲಯದ ದಫ್ತರದಲ್ಲಿ ಹೆಸರು ಬರೆಸಬೇಕಾಯಿತು.

ಪಾದ್ರಿಯಿಲ್ಲದ ಮೇಲೆ ಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಗ್ರಂಥಗಳನ್ನು ಇಟ್ಟುಕೊಂಡರೆ ತಲೆದಂಡ. ಇಂಥ ಸ್ಥಿತಿಯಲ್ಲಿ ಉರಕಾಮಿಯ ರೈತರು ಒಂದು ಏರ್ಪಾಡು ಮಾಡಿಕೊಂಡರು. ಧರ್ಮದ ಹೊರೆಯನ್ನು ಮೂರು ಪಾಲು ಮಾಡಿ ಮೂರು ಬಗೆಯ ಜನರ ಹೆಗಲಿಗೆ ಹೊರಿಸಿದರು. ಒಬ್ಬನು ‘ಚೋಕಾತಾ’. ಹಬ್ಬಗಳೂ ಉಪವಾಸಗಳೂ ಯಾವ ದಿನ ಬರುತ್ತವೆಂಬ ಕ್ರೈಸ್ತ ಪಂಚಾಂಗವನ್ನು ಕಾಪಾಡುವುದು ಅವನ ಕೆಲಸ. ಇನ್ನೊಬ್ಬನು ‘ಮಿಜುಕಾತಾ’, ಹುಟ್ಟಿದ ಮಕ್ಕಳ ತಲೆಗೆ ನೀರೆರೆದು ಜ್ಞಾನಸ್ನಾನ ಮಾಡಿಸುವವನು. ಮೂರನೆಯವನು ‘ಕಿಕಿಯಾಕು’, ಚೋಕಾತಾ ಹೇಳಿದ ದಿನವನ್ನು ಮನೆಮನೆಗೆ ಮುಟ್ಟಿಸುವವನು. ಮಾತೆ ಮರಿಯಮ್ಮನ ಮೂರ್ತಿಯನ್ನು ಇಟ್ಟುಕೊಳ್ಳುವಂತಿರಲಿಲ್ಲವಾದ್ದರಿಂದ ಬೌದ್ಧರ ಕಾನ್ನೋನ್ ಮೂರ್ತಿಯ ಮುಂದೆ ಕುಳಿತು ಮರಿಯಮ್ಮನನ್ನು ನೆನೆದರು. ಕಾನ್ನೋನ್ ಎಂದರೆ ನಮ್ಮ ದೇಶದಿಂದ ಅಲ್ಲಿಗೆ ಹೋದ ಅವಲೋಕಿತೇಶ್ವರನೇ ಎಂಬುದು ಇಲ್ಲಿ ಸ್ಮರಣೀಯ.

ಇವರೆಲ್ಲರೂ ಎದೆಯೊಡ್ಡಿ ನಿಂತ ವೀರರೆಂದು ಭಾವಿಸಿದರೆ ತಪ್ಪಾದೀತು. ವರ್ಷದ ಮೊದಲ ತಿಂಗಳಲ್ಲಿ ಅಧಿಕಾರಿಗಳು ಯೇಸುವಿನದೋ ಮರಿಯಮ್ಮನದೋ ಚಿತ್ರವಿದ್ದ ಒಂದು ಫಲಕವನ್ನು ನೆಲದ ಮೇಲಿಡುತ್ತಿದ್ದರು. ಅದನ್ನು ತುಳಿದವನು ಕ್ರೈಸ್ತನಲ್ಲ; ತುಳಿಯಲು ಹಿಂಜರಿದವನು ಅಪರಾಧಿ. ಉರಕಾಮಿಯ ಜನರು ಹೋದರು, ತುಳಿದರು, ಮನೆಗೆ ಬಂದರು. ಬಾಗಿಲು ಹಾಕಿಕೊಂಡು ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹೇಳಿಕೊಂಡರು. ಮುಂದಿನ ವರ್ಷ ಮತ್ತೆ ಹೋದರು. ಏಳು ತಲೆಮಾರುಗಳ ತರುವಾಯ ಪಾದ್ರಿಗಳು ಹಡಗಿನಲ್ಲಿ ಹಿಂದಿರುಗುವರೆಂಬ ಒಂದು ಭವಿಷ್ಯವಾಣಿ ಅವರಲ್ಲಿ ಬಾಯಿಂದ ಬಾಯಿಗೆ ಹರಿದು ಬಂದಿತ್ತು. ಒಂದೊಂದು ತಲೆಮಾರೂ ತನ್ನ ಮಕ್ಕಳಿಗೆ ಅದನ್ನು ಒಪ್ಪಿಸಿ ಕಣ್ಣು ಮುಚ್ಚಿತು.

1865ರ ಮಾರ್ಚ್ 17ರಂದು ಆ ದಿನ ಬಂದಿತು. ವಿದೇಶೀಯರಿಗೆಂದು ನಾಗಾಸಾಕಿಯ ಓಉರಾದಲ್ಲಿ ಹೊಸದಾಗಿ ಕಟ್ಟಿದ್ದ ದೇವಾಲಯದ ಬಾಗಿಲಿಗೆ ಉರಕಾಮಿಯ ಹತ್ತು ಹದಿನೈದು ಮಂದಿ ಬಂದು ನಿಂತರು. ಫ್ರಾನ್ಸಿನ ಪಾದ್ರಿ ಬೆರ್ನಾರ್ ಪೆತಿಜಾನ್ ಬಾಗಿಲು ತೆರೆದು ಒಳಗೆ ಬಿಟ್ಟರು. ಅವರಲ್ಲಿ ಒಬ್ಬ ಹೆಂಗಸು ಹತ್ತಿರ ಬಂದು, ತಮ್ಮೆಲ್ಲರ ಹೃದಯವೂ ಪಾದ್ರಿಗಳ ಹೃದಯವೂ ಒಂದೇ ಎಂದು ಮೆಲ್ಲನೆ ತಿಳಿಸಿ, ಮರಿಯಮ್ಮನ ಮೂರ್ತಿ ಎಲ್ಲಿದೆಯೆಂದು ಕೇಳಿದಳು. ಮಾತಿಗೆ ಮಾತು ಬೆಳೆದಾಗ ಇನ್ನೊಂದು ವಿಷಯವೂ ಹೊರಬಿದ್ದಿತು. ತಾವು ಈಗ ದುಃಖದ ಕಾಲವನ್ನು ಆಚರಿಸುತ್ತಿರುವುದಾಗಿ ಅವರು ಹೇಳಿದರು. ಅದು ಕ್ರಿಸ್ತನ ಯಾತನೆಯನ್ನು ನೆನೆಯುವ ತಪಸ್ಸಿನ ಕಾಲ. ಯೂರೋಪಿನ ಪಂಚಾಂಗದಂತೆಯೂ ಆಗ ಅದೇ ಕಾಲ ನಡೆದಿತ್ತು. ಎರಡು ಶತಮಾನಗಳಿಗೂ ಮಿಕ್ಕಿ ಹೊರಗಿನ ಒಬ್ಬನ ಸಹಾಯವೂ ಇಲ್ಲದೆ ಆ ರೈತರು ಹಬ್ಬಹರಿದಿನಗಳ ಲೆಕ್ಕವನ್ನು ತಪ್ಪಲು ಬಿಟ್ಟಿರಲಿಲ್ಲ.

ಈ ಸಂತೋಷ ಬಹುಕಾಲ ಬಾಳಲಿಲ್ಲ. ನಿಷೇಧ ಇನ್ನೂ ಜಾರಿಯಲ್ಲಿತ್ತು. 1867ರಲ್ಲಿ ಬಂಧನಗಳು ಆರಂಭವಾದವು. ಮುಂದೆ ಬಂದ ಮೇಜಿ ಸರ್ಕಾರ ಸುಮಾರು 3,400 ಮಂದಿಯನ್ನು, ಅಂದರೆ ಇಡೀ ಊರನ್ನೇ, ದೇಶದ ನಾನಾ ಕಡೆಗಳಿಗೆ ಗಡೀಪಾರು ಮಾಡಿತು. ಸಂಸಾರಗಳು ಒಡೆದವು. ಹಸಿವು, ಚಳಿ, ಚಿತ್ರಹಿಂಸೆಗಳಿಂದ 600ಕ್ಕೂ ಹೆಚ್ಚು ಮಂದಿ ಪ್ರಾಣಬಿಟ್ಟರು. ಸುಮಾರು 1,000 ಮಂದಿ ತಾಳಲಾರದೆ ಧರ್ಮವನ್ನು ಬಿಟ್ಟೆವೆಂದು ಒಪ್ಪಿಕೊಂಡರು. ಪಾಶ್ಚಾತ್ಯ ರಾಷ್ಟ್ರಗಳ ಪ್ರತಿಭಟನೆಗೆ ಮಣಿದು 1873ರಲ್ಲಿ ಸರ್ಕಾರ ನಿಷೇಧವನ್ನು ತೆಗೆದುಹಾಕಿತು. ಬದುಕಿದ್ದವರು ಊರಿಗೆ ಮರಳಿದರು. ಸೋತು ಒಪ್ಪಿಕೊಂಡಿದ್ದವರಲ್ಲಿ ಬಹುಮಂದಿ ಪಶ್ಚಾತ್ತಾಪಪಟ್ಟು ಮತ್ತೆ ಸಭೆಯನ್ನು ಸೇರಿದರು. ತಾವೂ ಒಂದು ಕಾಲಕ್ಕೆ ಫಲಕವನ್ನು ತುಳಿದವರೇ ಆಗಿದ್ದ ಜನರಿಗೆ ಬಿದ್ದವನ ಕೈ ಹಿಡಿಯುವುದು ಅಸಾಧ್ಯವೆನಿಸಲಿಲ್ಲ.

ಆ ಗಡೀಪಾರನ್ನು ಉರಕಾಮಿಯವರು ಇಂದಿಗೂ ‘ತಾಬಿ’ ಎನ್ನುತ್ತಾರೆ. ಆ ಮಾತಿಗೆ ‘ಪ್ರಯಾಣ’ ಎಂಬುದಷ್ಟೇ ಅರ್ಥ. ಪ್ರಯಾಣದಿಂದ ಹಿಂದಿರುಗಿದ ಮರುವರ್ಷವೇ ಅತಿಸಾರದ ಬೇನೆ ಹರಡಿತು. ತಾನೂ ಗಡೀಪಾರಾಗಿ ಬಂದಿದ್ದ ಇವಾನಾಗಾ ಮಾಕಿ ಎಂಬ ತರುಣಿ ಕೆಲವು ಗೆಳತಿಯರೊಡನೆ ರೋಗಿಗಳ ಶುಶ್ರೂಷೆಗೆ ನಿಂತಳು. ಅನಾಥ ಮಕ್ಕಳನ್ನು ಸಾಕತೊಡಗಿದಳು. ಯಾವ ಗ್ರಾಮಾಧಿಕಾರಿಯ ಮನೆಯಲ್ಲಿ ಹಿಂದೆ ಫಲಕವನ್ನು ತುಳಿಸುತ್ತಿದ್ದರೋ ಆ ನಿವೇಶನವನ್ನೇ ಊರವರು ಕೊಂಡುಕೊಂಡರು. ಅಲ್ಲಿ 1895ರಲ್ಲಿ ದೇವಾಲಯದ ಕೆಲಸ ಮೊದಲಾಯಿತು. ಬಡವರ ಕಾಸಿನಿಂದ ಇಟ್ಟಿಗೆಯ ಮೇಲೆ ಇಟ್ಟಿಗೆ ಏರಿ 1914ರಲ್ಲಿ ಪೂರ್ತಿಯಾಯಿತು. ಅವಳಿ ಗೋಪುರಗಳು 1925ರಲ್ಲಿ ಎದ್ದು ನಿಂತವು. ಅವುಗಳಲ್ಲಿ ಗಂಟೆಗಳನ್ನು ತೂಗುಹಾಕಿದರು.

ಈ ಊರಿಗೆ ತಕಾಶಿ ನಾಗಾಯಿ ಎಂಬ ವೈದ್ಯವಿದ್ಯಾರ್ಥಿ ಬಂದು ಸೇರಿದನು. 1908ರಲ್ಲಿ ಶಿಮಾನೆ ಪ್ರಾಂತದಲ್ಲಿ ಹುಟ್ಟಿದವನು; ತಂದೆಯೂ ವೈದ್ಯ. ದೇಹದಲ್ಲಿ ಆತ್ಮವೆಂಬುದೊಂದಿದೆ ಎಂಬ ಮಾತನ್ನು ಕಾಲೇಜಿನ ದಿನಗಳಲ್ಲಿ ಆತ ನಂಬುತ್ತಿರಲಿಲ್ಲ. ತಾಯಿಯ ಮರಣಕಾಲದಲ್ಲಿ ಆಕೆಯ ಕಣ್ಣುಗಳು ತನ್ನನ್ನು ನೋಡಿದ ನೋಟ ಆ ಅಪನಂಬಿಕೆಯನ್ನು ಅಲುಗಾಡಿಸಿತು. ಫ್ರೆಂಚ್ ವಿಜ್ಞಾನಿ ಪಾಸ್ಕಲನ ಚಿಂತನೆಗಳನ್ನು ಓದತೊಡಗಿದನು. ಕ್ರೈಸ್ತರು ಹೇಗೆ ಬಾಳುತ್ತಾರೆಂಬುದನ್ನು ಕಣ್ಣಾರೆ ಕಾಣಬೇಕೆಂದು ಉರಕಾಮಿಯ ಮೊರಿಯಾಮಾ ಎಂಬವರ ಮನೆಯಲ್ಲಿ ಬಾಡಿಗೆಗೆ ಕೋಣೆ ಹಿಡಿದನು. ಆ ಮೊರಿಯಾಮಾ ಮನೆತನದವರು ತಲೆಮಾರುಗಳಿಂದ ಊರಿನ ಚೋಕಾತಾ ಆಗಿದ್ದವರು, ಪಂಚಾಂಗ ಕಾಪಾಡಿದವರು. ಆ ಮನೆಯ ಮಗಳು ಮಿದೊರಿ.

1934ರಲ್ಲಿ ನಾಗಾಯಿ ಜ್ಞಾನಸ್ನಾನ ಪಡೆದು ಪೌಲ ಎಂಬ ಹೆಸರನ್ನು ಇಟ್ಟುಕೊಂಡನು. ಅದೇ ವರ್ಷ ಮಿದೊರಿಯ ಕೈಹಿಡಿದನು. ಮಗ ಮಕೋತೊ, ಮಗಳು ಕಯಾನೊ. ಮುಂದೆ ಡಾಕ್ಟರ್ ನಾಗಾಯಿಯವರು ಕ್ಷಕಿರಣ ವಿಭಾಗದಲ್ಲಿ ಹೆಸರಾದರು. ಯುದ್ಧಕಾಲದಲ್ಲಿ ಕ್ಷಕಿರಣದ ಫಿಲ್ಮುಗಳು ಸಿಗದಿದ್ದಾಗ ಕ್ಷಯರೋಗಿಗಳನ್ನು ಯಂತ್ರದ ಎದುರು ನಿಲ್ಲಿಸಿ ನೇರವಾಗಿಯೇ ಪರೀಕ್ಷಿಸಬೇಕಾಗುತ್ತಿತ್ತು. ವರ್ಷಗಟ್ಟಲೆ ಹೀಗೆ ನಡೆದುದರ ಫಲ 1945ರ ಜೂನ್ ತಿಂಗಳಲ್ಲಿ ಕಾಣಿಸಿಕೊಂಡಿತು. ರಕ್ತದಲ್ಲಿ ಬಿಳಿಯ ಕಣಗಳು ಮಿತಿಮೀರುವ ಲ್ಯುಕೇಮಿಯಾ ವ್ಯಾಧಿ. ಆಯುಸ್ಸು ಹೆಚ್ಚೆಂದರೆ ಮೂರು ವರ್ಷ. ಈ ಸುದ್ದಿಯನ್ನು ಮನೆಗೆ ಹೋಗಿ ಹೆಂಡತಿಗೆ ಹೇಳಿದರು. ಬದುಕಿದರೂ ಸತ್ತರೂ ಅದು ದೇವರ ಮಹಿಮೆಗಾಗಿ ಎಂಬುದು ಆಕೆಯ ಉತ್ತರದ ತಾತ್ಪರ್ಯವಾಗಿತ್ತು. ತಮ್ಮ ಸಾವಿನ ಬಳಿಕ ಮಕ್ಕಳಿಗೆ ತಾಯಿಯಾದರೂ ಇರುವಳೆಂದು ನಾಗಾಯಿಯವರು ಸಮಾಧಾನ ತಂದುಕೊಂಡರು.

ಎರಡು ತಿಂಗಳಿಗೆ ಬಾಂಬು ಬಿದ್ದಿತು. ಮಕ್ಕಳು ಅಜ್ಜಿಯೊಡನೆ ಬೆಟ್ಟದ ಆಚೆಯ ಹಳ್ಳಿಯಲ್ಲಿದ್ದರು. ನಾಗಾಯಿಯವರು ಬಾಂಬು ಸಿಡಿದ ಸ್ಥಳಕ್ಕೆ ಸುಮಾರು 700 ಮೀಟರು ದೂರದ ಆಸ್ಪತ್ರೆಯಲ್ಲಿದ್ದರು. ಕಪಾಲದ ಬಲಭಾಗದ ರಕ್ತನಾಳ ಹರಿದಿತ್ತು. ಅದಕ್ಕೊಂದು ಪಟ್ಟಿ ಬಿಗಿದುಕೊಂಡು, ಅಳಿದುಳಿದ ದಾದಿಯರನ್ನು ಕೂಡಿಸಿಕೊಂಡು ಗಾಯಾಳುಗಳ ಕಡೆಗೆ ತಿರುಗಿದರು. ಮನೆಗೆ ಹೋಗಲು ಸಾಧ್ಯವಾದದ್ದು ಮೂರನೆಯ ದಿನ. ಮನೆಯಿದ್ದಲ್ಲಿ ಬೂದಿಯಿತ್ತು, ಅಡುಗೆಮನೆಯಿದ್ದ ಜಾಗದಲ್ಲಿ ಮಿದೊರಿಯ ಮೂಳೆಗಳಿದ್ದವು. ಪಕ್ಕದಲ್ಲಿ ಆಕೆಯ ಜಪಸರ ಕಾವಿಗೆ ಕರಗಿ ಉಂಡೆಯಾಗಿತ್ತು. ಮೂಳೆಗಳನ್ನು ಒಂದು ಬಕೀಟಿನಲ್ಲಿ ಆಯ್ದುಕೊಂಡು ಹೊರಟರು.

ಬಾಂಬು ಸಿಡಿದ ಸ್ಥಳದಿಂದ ದೇವಾಲಯಕ್ಕೆ ಇದ್ದ ದೂರ ಅರ್ಧ ಕಿಲೋಮೀಟರು. ಆಗಸ್ಟ್ 15ರ ಮರಿಯಮ್ಮನ ಸ್ವರ್ಗಾರೋಹಣದ ಹಬ್ಬಕ್ಕೆ ಸಿದ್ಧರಾಗಲು ಪಾಪನಿವೇದನೆಗೆಂದು ಬಂದಿದ್ದವರು, ಅದನ್ನು ಕೇಳುತ್ತಿದ್ದ ಪಾದ್ರಿಗಳು, ಎಲ್ಲರೂ ಗೋಡೆಗಳ ಅಡಿಯಲ್ಲಿ ಉಳಿದರು. ಊರವರು ಹಳೆಯ ಕಾಲದ ನಾಲ್ಕು ಬಂಧನಗಳನ್ನು ‘ಕುಜುರೆ’, ಎಂದರೆ ಕುಸಿತ, ಎಂದು ಕರೆಯುತ್ತಿದ್ದರು. ಇದು ಐದನೆಯ ಕುಸಿತವೆಂದು ಹೇಳಿದವರುಂಟು.

ಹಿಂದಿನ ನಾಲ್ಕರಲ್ಲಿ ಶತ್ರು ಯಾರು, ಕಷ್ಟ ಏತಕ್ಕಾಗಿ ಎಂಬುದು ಸ್ಪಷ್ಟವಾಗಿತ್ತು. ಈ ಬಾರಿ ಹಾಗಲ್ಲ. ಬಾಂಬು ಹಾಕಿದವರೂ ಕ್ರೈಸ್ತರೇ ಹೆಚ್ಚಾಗಿದ್ದ ದೇಶದವರು. ಪಟ್ಟಣದ ಇತರರಲ್ಲಿ ಕೆಲವರು ಊರದೇವರಿಗೆ ನಡೆದುಕೊಳ್ಳದ ಜನರ ಮೇಲೆ ಬಾಂಬು ಬಿದ್ದಿತೆಂದು ಆಡಿಕೊಂಡರು. ಸೈನ್ಯದಿಂದ ಹಿಂದಿರುಗಿದ ಒಬ್ಬ ಕ್ಯಾಥೊಲಿಕನಿಗೆ ಮನೆಯೂ ಇರಲಿಲ್ಲ, ಹೆಂಡತಿ ಮಕ್ಕಳೂ ಇರಲಿಲ್ಲ. ಇದು ದೈವದಂಡನೆಯೆಂದು ಎಲ್ಲರೂ ಹೇಳುತ್ತಿದ್ದಾರೆ, ಹಾಗಾದರೆ ಸತ್ತವರು ಪಾಪಿಗಳೇ ಎಂದು ಅವನು ನಾಗಾಯಿಯವರ ಬಳಿ ಬಂದು ಗೋಳಾಡಿದನು.

1945ರ ನವೆಂಬರ್ 23ರಂದು ಮುರಿದ ದೇವಾಲಯದ ಎದುರಿಗೆ ಸತ್ತವರ ಸದ್ಗತಿಗಾಗಿ ಪೂಜೆ ನಡೆಯಿತು. ಊರವರ ಪರವಾಗಿ ನಾಗಾಯಿಯವರು ಮಾತನಾಡಿದರು. ಸತ್ತವರು ಶಿಕ್ಷೆಗೊಳಗಾದವರಲ್ಲ, ಲೋಕಯುದ್ಧದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ದೇವರು ಸ್ವೀಕರಿಸಿದ ಸರ್ವಾಂಗಹೋಮ ಅವರು ಎಂಬುದು ಆ ಭಾಷಣದ ಸಾರ. ಯುದ್ಧ ನಿಂತದ್ದು ಮರಿಯಮ್ಮನ ಹಬ್ಬದ ದಿನವಾದ ಆಗಸ್ಟ್ 15ರಂದು ಎಂಬುದನ್ನೂ ಅವರು ನೆನಪಿಗೆ ತಂದರು. ದೈವದಂಡನೆಯೆಂಬ ಮಾತನ್ನು ಕೇಳಿ ಕೇಳಿ ತಲೆತಗ್ಗಿಸಿದ್ದ ಜನರು ಅಂದು ತಲೆಯೆತ್ತಿದರು.

ಆದರೆ ಆ ಸಮಾಧಾನವನ್ನು ಎಲ್ಲರೂ ಒಪ್ಪಲಿಲ್ಲ. ಮುಂದಿನ ವರ್ಷಗಳಲ್ಲಿ ನಾಗಾಸಾಕಿಯ ಕವಿಗಳೂ ಚಿಂತಕರೂ ಅದನ್ನು ಕಟುವಾಗಿ ವಿಮರ್ಶಿಸಿದರು. ಬಾಂಬನ್ನು ದೇವರ ಸಂಕಲ್ಪವೆಂದು ಬಗೆದರೆ ಯುದ್ಧ ಹೂಡಿದವರೂ ಬಾಂಬು ಹಾಕಿದವರೂ ಹೊಣೆಯಿಂದ ಪಾರಾಗುವುದಿಲ್ಲವೇ ಎಂದು ಕೇಳಿದರು. ಬಲಿಯಾದವರು ಧನ್ಯರೆಂದರೆ ಬದುಕುಳಿದು ನರಳುವವರು ಬಾಯಿ ತೆರೆಯುವುದು ಹೇಗೆ ಎಂದೂ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಉರಕಾಮಿಯ ಹಲವರು ದೀರ್ಘಕಾಲ ಮೌನವಾಗಿಯೇ ಇದ್ದರು. 1981ರ ಫೆಬ್ರವರಿಯಲ್ಲಿ ಜಪಾನಿಗೆ ಬಂದ ಪೋಪ್ ಎರಡನೆಯ ಜಾನ್ ಪಾಲರು ಹಿರೋಶಿಮಾದಲ್ಲಿ, ಯುದ್ಧವು ಮನುಷ್ಯನ ಕೃತ್ಯವೆಂದು ಸಾರಿದರು. ಆ ಮಾತನ್ನು ಕೇಳಿದ ಮೇಲೆ ತಮ್ಮ ಅನುಭವವನ್ನು ಲೋಕಕ್ಕೆ ಹೇಳಲು ಮುಂದೆ ಬಂದ ಕ್ಯಾಥೊಲಿಕರುಂಟು. ನಾಗಾಯಿಯವರೂ ಯುದ್ಧವನ್ನು ದೇವರ ತಲೆಗೆ ಕಟ್ಟಿ ಕೈತೊಳೆದುಕೊಂಡವರಲ್ಲ. ಯುದ್ಧವನ್ನು ತ್ಯಜಿಸಿದ ರಾಜ್ಯಾಂಗವನ್ನು ಬದಲಿಸಬೇಕೆಂಬ ಕೂಗು ಎಂದಾದರೂ ಎದ್ದರೆ, ಹೇಡಿಗಳೆನಿಸಿಕೊಂಡರೂ ಸರಿ, ಕೊನೆಯವರೆಗೆ ವಿರೋಧಿಸಬೇಕೆಂದು ತಮ್ಮ ಮಕ್ಕಳಿಗಾಗಿ 1949ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ತಿಳಿಸಿದ್ದರು.

ಹೀಗೆ, ಏಕೆ ಎಂಬ ಪ್ರಶ್ನೆಗೆ ಉರಕಾಮಿಯಲ್ಲಿ ಎಲ್ಲರೂ ಒಪ್ಪುವ ಉತ್ತರ ದೊರೆಯಲಿಲ್ಲ. ಉತ್ತರ ದೊರೆಯುವವರೆಗೆ ಜನರು ಕೈಕಟ್ಟಿ ಕುಳಿತಿರಲೂ ಇಲ್ಲ. ಪಾದ್ರಿಗಳಿಲ್ಲದ ಕಾಲದಲ್ಲಿ ಅಜ್ಜಂದಿರು ಕೆಲಸಗಳನ್ನು ಹಂಚಿಕೊಂಡಂತೆ ಇವರೂ ಹಂಚಿಕೊಂಡರು. ಎಪ್ಪತ್ತೈದು ವರ್ಷಗಳ ಕಾಲ ಆ ನೆಲದಲ್ಲಿ ಏನೂ ಹುಟ್ಟದೆಂಬ ವದಂತಿ ಹಬ್ಬಿದ್ದಿತು. ನಾಗಾಯಿಯವರು ಇರುವೆಗಳು ಹರಿದಾಡುವುದನ್ನೂ ಮೊಳಕೆಯೊಡೆಯುವುದನ್ನೂ ಗಮನಿಸಿ ಅಲ್ಲಿಯೇ ಗುಡಿಸಲು ಹಾಕಿಕೊಂಡರು. ದೇವಾಲಯದ ಎರಡು ಗಂಟೆಗಳಲ್ಲಿ ಒಂದು ಹಾಳಾಗಿತ್ತು. ಇನ್ನೊಂದು ಒಡೆಯದೆ ಇಟ್ಟಿಗೆಯ ರಾಶಿಯಡಿ ಸಿಕ್ಕಿತು. ಜನರು ಅದನ್ನು ಅಗೆದು ತೆಗೆದರು. ಮರದ ದಿಮ್ಮಿಗಳನ್ನು ಕಟ್ಟಿ ಮೇಲೆತ್ತಿದರು. 1945ರ ಕ್ರಿಸ್ಮಸ್ ಹಬ್ಬದ ಹಿಂದಿನ ಸಂಜೆ ಅದು ಬಾರಿಸಿತು. ಆ ವರ್ಷವೂ ಹಬ್ಬ ಅದರ ದಿನಕ್ಕೆ ಬಂದಿತು.

1946ರಲ್ಲಿ ನಾಗಾಯಿಯವರು ಹಾಸಿಗೆ ಹಿಡಿದರು. ಊರಿನ ಕ್ಯಾಥೊಲಿಕ್ ಬಡಗಿಗಳು 1948ರಲ್ಲಿ ಅವರಿಗೊಂದು ಪುಟ್ಟ ಮನೆ ಕಟ್ಟಿಕೊಟ್ಟರು. ಎರಡು ಚಾಪೆ ಹಾಸುವಷ್ಟು ಜಾಗ. ನಿನ್ನಂತೆಯೇ ನೆರೆಯವನನ್ನೂ ಪ್ರೀತಿಸು ಎಂಬ ಯೇಸುವಿನ ಆಜ್ಞೆಯಿಂದ ಪದವನ್ನು ಆರಿಸಿ ಅದಕ್ಕೆ ‘ನ್ಯೊಕೊದೊ’ ಎಂಬ ಹೆಸರಿಟ್ಟರು. ಅಲ್ಲಿ ಮಲಗಿದ್ದಂತೆಯೇ ಅವರು ಪುಸ್ತಕಗಳನ್ನು ಬರೆದರು. ‘ನಾಗಾಸಾಕಿಯ ಗಂಟೆಗಳು’ ಎಂಬ ಕೃತಿ 1946ರಲ್ಲಿಯೇ ಸಿದ್ಧವಾಗಿದ್ದರೂ ಅಮೆರಿಕದ ಆಡಳಿತದ ಅನುಮತಿಗಾಗಿ ಕಾದು 1949ರಲ್ಲಿ ಹೊರಬಂದಿತು. ಪುಸ್ತಕಗಳಿಂದ ಬಂದ ಹಣದಿಂದ ಸುಟ್ಟ ನೆಲದಲ್ಲಿ ನೆಡಲು ಸಾವಿರ ಚೆರ್ರಿ ಸಸಿಗಳನ್ನು ಕೊಡಿಸಿದರು. ನೆರೆಹೊರೆಯ ಮಕ್ಕಳಿಗೆ ಪುಸ್ತಕಾಲಯ ತೆರೆದರು. ಬಾಗಿಲಿಗೆ ಹೆಲೆನ್ ಕೆಲರ್ ಬಂದರು, ಜಪಾನಿನ ಚಕ್ರವರ್ತಿಯೂ ಅವರನ್ನು ಕಂಡರು. ಶಾಲೆಯಿಂದ ಮರಳಿದ ಮಕ್ಕಳಿಬ್ಬರೂ ತಂದೆಯ ಹಾಸಿಗೆಯ ಪಕ್ಕದಲ್ಲಿಯೇ ಬೆಳೆದರು. ಮೂರು ವರ್ಷವೆಂದು ವೈದ್ಯರು ಹೇಳಿದ್ದ ಆಯುಸ್ಸು ಸುಮಾರು ಆರು ವರ್ಷ ನಡೆಯಿತು. 1951ರ ಮೇ 1ರಂದು, 43ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ದೇವಾಲಯವನ್ನು ಹಿಂದಿನ ಸ್ಥಳದಲ್ಲಿಯೇ 1959ರಲ್ಲಿ ಮತ್ತೆ ಕಟ್ಟಿದರು. ಒಂದು ಗೋಪುರದಲ್ಲಿ ಉಳಿದು ಬಂದ ಗಂಟೆ ತೂಗಿತು. ಇನ್ನೊಂದು ಗೋಪುರ ಹಲವು ದಶಕಗಳ ಕಾಲ ಬರಿದಾಗಿಯೇ ಇತ್ತು. ಅದಕ್ಕೊಂದು ಹೊಸ ಗಂಟೆಯನ್ನು ಮಾಡಿಸಿಕೊಟ್ಟವರು ಅಮೆರಿಕದ ಕ್ಯಾಥೊಲಿಕರು. ಹಣ ಕೂಡಿಸಲು ಮುಂದಾದ ಪ್ರಾಧ್ಯಾಪಕರ ಅಜ್ಜ ಅಣುಬಾಂಬು ತಯಾರಿಸಿದ ಯೋಜನೆಯಲ್ಲಿ ವೈದ್ಯರಾಗಿದ್ದವರು. ಕೊಟ್ಟವರು ಕೊಟ್ಟರು, ಉರಕಾಮಿಯವರು ಸ್ವೀಕರಿಸಿದರು. 2025ರ ಆಗಸ್ಟ್ 9ರಂದು ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ, ಎಂಬತ್ತು ವರ್ಷಗಳ ತರುವಾಯ, ಎರಡು ಗೋಪುರಗಳ ಗಂಟೆಗಳೂ ಒಟ್ಟಾಗಿ ಬಾರಿಸಿದವು. ಅಂದು ನಂಬಿದವರೂ ಪ್ರಶ್ನಿಸಿದವರೂ ಒಂದೇ ಅಂಗಳದಲ್ಲಿ ತಲೆಬಾಗಿ ನಿಲ್ಲಲು ಅಡ್ಡಿಯಿರಲಿಲ್ಲ. ಉರಕಾಮಿಯ ಪಂಚಾಂಗದಲ್ಲಿ ಆ ದಿನವೂ ಸೇರಿದೆ.